ಲ್ಯಾಪ್‌ಟಾಪು ಪುಸ್ತಕವೋ, ವಾಹನವೋ?

ಈ ಸಲದ ನವರಾತ್ರಿಯಲ್ಲಿ ನಮ್ಮ ಮನೆಯಲ್ಲೊಂದು ಘನಗಂಭೀರ ಧಾರ್ಮಿಕ ಪ್ರಶ್ನೆ ಎದ್ದಿತು. ಲ್ಯಾಪ್‌ಟಾಪು ಪುಸ್ತಕವೋ, ವಾಹನವೋ?

ನಗಬೇಡಿ. ಉತ್ತರಕ್ಕಾಗಿ ಕಾಯುತ್ತಿದ್ದವಳು ನನ್ನ ಮಗಳು. ಅವಳ ಒಂದು ವರ್ಷದ ಕೆಲಸ ಆ ಉತ್ತರದ ಮೇಲೆ ನಿಂತಿತ್ತು. ಅವಳು ಅಳುತ್ತಿದ್ದಳು, ನಾನು ಅಳುವುದೊಂದು ಬಾಕಿ. ತೀರ್ಪು ಕೊಡಬೇಕಾಗಿದ್ದ ನನ್ನ ಅತ್ತೆ ಡೈನಿಂಗ್ ಟೇಬಲ್ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಯ ಜನ ನಿಮಗೆ ಹೊಸಬರಲ್ಲ. ಆದರೂ ಈ ವಾರವೇ ಮೊದಲ ಸಲ ಓದುತ್ತಿರುವವರಿಗಾಗಿ ಒಂದು ಸಣ್ಣ ಪರಿಚಯ. ನಾವಿರುವುದು ಸಿಂಗಪುರದ ಚೋವಾ ಚು ಕಾಂಗ್‌ನ ಒಂದು ಫ್ಲ್ಯಾಟಿನಲ್ಲಿ. ನಾನು ಬಿಶಾನ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತೇನೆ. (ಬೇರೆಯವರ ತಪ್ಪು ಹುಡುಕುವ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂದು ಮದುವೆಗೆ ಮುಂಚೆ ಗೊತ್ತಿರಲಿಲ್ಲ.) ನನ್ನ ಗಂಡ ರಘು ಜುರಾಂಗ್ ಐಲ್ಯಾಂಡ್‌ನ ಪ್ಲಾಂಟೊಂದರಲ್ಲಿ ಎಂಜಿನಿಯರ್. ಬೆಳಿಗ್ಗೆ ಕಂಪನಿ ಬಸ್ ಹತ್ತಿದರೆಂದರೆ ಮುಗಿಯಿತು, ಫೋನು ಲಾಕರಿಗೆ ಹೋಗುತ್ತದೆ, ಮನೆಗೆ ಬೆಂಕಿ ಬಿದ್ದರೂ ಸಂಜೆಯೇ ಸುದ್ದಿ. ಮಗಳು ಅನಘ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಮತ್ತು ನನ್ನ ಅತ್ತೆ, ಅಂದರೆ ರಘು ಅವರ ಅಮ್ಮ, ಈ ಸಲದ ದಸರಾ ಮೊಮ್ಮಗಳ ಜೊತೆ ಎಂದು ಮೈಸೂರಿನಿಂದ ಬಂದಿದ್ದರು.

ಮೈಸೂರಿನವರು ದಸರಾ ಬಿಟ್ಟು ಬರುವುದು ಸಣ್ಣ ಮಾತಲ್ಲ. ಆದ್ದರಿಂದ ಅತ್ತೆ ದಸರಾವನ್ನೇ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದರು.

ಸರಸ್ವತಿ ಪೂಜೆಯ ಬೆಳಿಗ್ಗೆ ಅವರು ಹಾಲಿನ ಮೂಲೆಯಲ್ಲಿ ಮಣೆ ಹಾಕಿ, ರಂಗೋಲಿ ಎಳೆದು, "ಒಬ್ಬೊಬ್ರೂ ಓದೋ ಪುಸ್ತಕ ತಂದಿಡ್ರಪ್ಪ" ಅಂದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯಲ್ಲಿ ಪುಸ್ತಕ ಇಲ್ಲವೆಂದಲ್ಲ, ಇವೆ. ಓದುವ ಪುಸ್ತಕ ಅಂದರಲ್ಲ, ಅಲ್ಲೇ ತೊಡಕು. ಅಡುಗೆ ಪುಸ್ತಕ ಒಂದು, ಅನಘಳ ಹಳೆಯ ಕನ್ನಡ ಕಾಗುಣಿತದ ಪುಸ್ತಕ ಒಂದು, ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಭಗವದ್ಗೀತೆ ಒಂದು ಬಂದವು. ಅತ್ತೆ ನೋಡಿದರು.

"ಇದನ್ನೆಲ್ಲ ಯಾರು ಓದ್ತಾರೆ? ದಿನಾ ಎಲ್ರೂ ಬಗ್ಗಿಕೊಂಡು ಓದೋದು ಆ ಕಂಪ್ಯೂಟರಲ್ಲಿ ತಾನೇ. ಅದನ್ನೇ ತನ್ನಿ."

ತರ್ಕದಲ್ಲಿ ತಪ್ಪು ಹುಡುಕಲು ನನ್ನಂಥ ಟೆಸ್ಟರ್‌ಗೂ ಆಗಲಿಲ್ಲ. ಆದರೆ ಕೊಡುವುದು ಹೇಗೆ? ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆಗೆಯುವಂತಿಲ್ಲ. ಇಲ್ಲಿ ದಸರೆಗೆ ರಜೆಯೂ ಇಲ್ಲ. ರಘು ಅವರದ್ದು ಕಂಪನಿ ಲ್ಯಾಪ್‌ಟಾಪ್, ನನ್ನದೂ ಅದೇ. ಅನಘ ತನ್ನದನ್ನು ಎದೆಗವಚಿಕೊಂಡು, ಇಲ್ಲಿನ ಮಕ್ಕಳ ಹಾಗೆ ಮಾತಿಗೊಂದು ಲಾ ಸೇರಿಸಿ, "ಕಾಂಟ್ ಲಾ ಅಜ್ಜಿ, ನನಗೆ ಸಬ್‌ಮಿಶನ್ ಇದೆ" ಅಂದಳು.

ಕೊನೆಗೆ ಬಲಿಯಾದದ್ದು ಪ್ರಿಂಟರ್ ಪಕ್ಕ ಕೂತಿದ್ದ ಹಳೇ ಲ್ಯಾಪ್‌ಟಾಪು. ಇಟ್ಟಿಗೆಯಷ್ಟು ದಪ್ಪ. ಆನ್ ಮಾಡಿ ಕಾಫಿಗೆ ಇಟ್ಟು ಬಂದರೂ ಇನ್ನೂ ಎದ್ದಿರುವುದಿಲ್ಲ. ಅತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ (ನಾನು ಕಣ್ಣು ಮುಚ್ಚಿಕೊಂಡೆ), ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು, ಕೆಂಪು ಬ್ಲೌಸ್ ಪೀಸ್ ಹೊದಿಸಿ, ಭಗವದ್ಗೀತೆಯ ಮೇಲೆ ಕೂರಿಸಿದರು. ಮೇಲೊಂದು ಚೆಂಡುಹೂವು. ಬ್ಯಾಟರಿ ಎಂದೋ ಸತ್ತಿತ್ತು, ಉಳಿದಿದ್ದ ವೈರನ್ನೂ ಗೋಡೆಯಿಂದ ಕಿತ್ತು ಸುತ್ತಿಟ್ಟರು.

"ವಿಜಯದಶಮಿ ಬೆಳಿಗ್ಗೆವರೆಗೂ ಯಾರೂ ಮುಟ್ಟೋ ಹಾಗಿಲ್ಲ."

ನನಗೆ ಒಳಗೊಳಗೇ ಸಿಟ್ಟು ಬಂತು. ನಮ್ಮ ಪ್ರಿಂಟರು ಆ ಲ್ಯಾಪ್‌ಟಾಪಿನ ಮಾತು ಮಾತ್ರ ಕೇಳುತ್ತದೆ. ಒಂದು ಕಾಗದ ಪ್ರಿಂಟ್ ಮಾಡಲು ನಾನು ಎಂಆರ್‌ಟಿ ರೈಲು ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಹೋಗಿ ಕ್ಯೂ ನಿಲ್ಲಬೇಕಾಯಿತು. ನಿಂತಷ್ಟು ಹೊತ್ತೂ ಗೊಣಗಿದೆ. ಹಬ್ಬ ಇವರದು, ಓಡಾಟ ನಂದು.

ಇನ್ನು ನಮ್ಮ ಕ್ಲೌಡಿನ ವಿಷಯ ಹೇಳಬೇಕು. ಅದಿಲ್ಲದೆ ಕಥೆ ಅರ್ಥವಾಗುವುದಿಲ್ಲ.

ವರ್ಷಗಳ ಹಿಂದೆ ರಘು ಒಂದು ದೊಡ್ಡ ಕ್ಲೌಡ್ ಅಕೌಂಟ್ ತೆಗೆದರು. ತೆಗೆದವರು ಸುಮ್ಮನಿರಬೇಕೋ ಬೇಡವೋ? "ಇಷ್ಟೊಂದು ಜಾಗ ಇದೆ, ಎಲ್ರೂ ಇದನ್ನೇ ಯೂಸ್ ಮಾಡೋಣ" ಎಂದು ಅದರ ಪಾಸ್‌ವರ್ಡನ್ನು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿಬಿಟ್ಟರು. ಅಲ್ಲಿಗೆ ನಮ್ಮ ಫೋಟೋ, ಬೆಂಗಳೂರಿನಲ್ಲಿರುವ ಅವರ ಅಕ್ಕ ಸುಮಕ್ಕನ ಫೋಟೋ, ಅತ್ತೆಯ ಪಾಸ್‌ಪೋರ್ಟ್ ಕಾಪಿ, ಅನಘಳ ಅಸೈನ್‌ಮೆಂಟು, ಎಲ್ಲವೂ ಒಂದೇ ಕಡೆ ಸೇರಿದವು. ಅವಿಭಕ್ತ ಕುಟುಂಬ ಎಲ್ಲಿದೆ ಈಗ ಎಂದು ಕೇಳುವವರಿದ್ದಾರೆ. ನಮ್ಮದು ಮೋಡದಲ್ಲಿದೆ ಸ್ವಾಮಿ. ಒಂದೇ ಸೂರು, ಒಂದೇ ಬಾಗಿಲು, ಒಂದೇ ಬೀಗದಕೈ. ಯಾರು ಬೇಕಾದರೂ ಯಾರ ಬೀರು ಬೇಕಾದರೂ ತೆಗೆಯಬಹುದು.

ಹೀಗೆ ಒಟ್ಟಿಗಿದ್ದರೂ ಯಾವ ಕಂಪ್ಯೂಟರಿಗೆ ಏನು ಇಳಿಯಬೇಕು ಎನ್ನುವುದನ್ನು ಆರಿಸಿಕೊಳ್ಳಬಹುದು. ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಬೇಕಾದ ಫೋಲ್ಡರಿಗೆ ಟಿಕ್ ಹಾಕಿದರೆ ಅದರ ಪ್ರತಿ ನಿಮ್ಮ ಕಂಪ್ಯೂಟರಿನಲ್ಲೂ ಇರುತ್ತದೆ. ಟಿಕ್ ತೆಗೆದರೆ ಅದು ಕ್ಲೌಡಿನಲ್ಲಿ ಮಾತ್ರ. ಅನಘಳದ್ದು ತೆಳ್ಳಗಿನ ಚೆಂದದ ಲ್ಯಾಪ್‌ಟಾಪು, ಹೊಟ್ಟೆ ಚಿಕ್ಕದು. ದೊಡ್ಡ ಫೈಲು ತುಂಬಿ ಅದು ಉಸಿರು ಬಿಡಲಾರದೆ ಒದ್ದಾಡತೊಡಗಿದಾಗ ರಘು, "ಟಿಕ್ ತೆಗೆದುಬಿಡು ಪುಟ್ಟ, ಎಲ್ಲ ಕ್ಲೌಡಲ್ಲಿ ಸೇಫಾಗಿರತ್ತೆ" ಅಂದರು. ಅಪ್ಪ ಹೇಳಿದ್ದನ್ನು ಮಗಳು ಕೇಳಿದಳು. ಅಪರೂಪಕ್ಕೆ ಕೇಳಿದ್ದು, ಅದೂ ಇದನ್ನೇ ಕೇಳಬೇಕಿತ್ತೇ?

ಆ ದೊಡ್ಡ ಫೈಲುಗಳು ಏನೆಂದರೆ, ಸದ್ದುಗಳು.

ನಮ್ಮ ಬ್ಲಾಕಿನ ಕೆಳಗೆ ಒಂದು ಕಾಫಿ ಶಾಪ್ ಇತ್ತು. ಅನಘ ಅಲ್ಲೇ ಬೆಳೆದವಳು. ಸ್ಕೂಲಿಗೆ ಹೋಗುವ ಮುಂಚೆ ತೆಂಗಿನಹಾಲಿನ ಜ್ಯಾಮ್ ಹಚ್ಚಿದ ಕಾಯಾ ಟೋಸ್ಟ್, ಬಂದ ಮೇಲೆ ತಣ್ಣನೆಯ ಚಾಕೊಲೇಟ್ ಪಾನೀಯ ಐಸ್ ಮೈಲೋ. ಕಾಫಿ ಮಾಡುವ ಅಂಕಲ್ ಅವಳ ಹೆಸರು ಕೇಳಿದವರಲ್ಲ, ಕೊನೆಯವರೆಗೂ "ಗರ್ಲ್" ಎಂದೇ ಕರೆದರು. ಅಂಗಡಿ ಮುಚ್ಚುತ್ತದೆ ಎಂಬ ಸುದ್ದಿ ಬಂದಾಗಿನಿಂದ ಇವಳು ಯೂನಿವರ್ಸಿಟಿಯ ರೆಕಾರ್ಡರ್ ಎರವಲು ತಂದು ಅಲ್ಲಿನ ಸದ್ದೆಲ್ಲ ಹಿಡಿದಿಟ್ಟಳು. ಆರ್ಡರ್ ಕೂಗುವುದು, ಲೋಟ ಇಡುವುದು, ಕಾಫಿಯನ್ನು ಬಟ್ಟೆಯಲ್ಲಿ ಸೋಸಿ ಎತ್ತಿ ಎತ್ತಿ ಸುರಿಯುವುದು, ಮುದುಕರ ಜಗಳ, ಮೇಲೆ ತಿರುಗುವ ಫ್ಯಾನು. ಅದನ್ನೆಲ್ಲ ಜೋಡಿಸಿ ಒಂದು ಆಡಿಯೊ ಡಾಕ್ಯುಮೆಂಟರಿ ಮಾಡುವುದು ಅವಳ ಪ್ರಾಜೆಕ್ಟ್. ಅಂಗಡಿ ಮುಚ್ಚಿ ಈಗ ಕೆಲವು ತಿಂಗಳಾದವು. ಸುತ್ತ ತಗಡು ಬಡಿದು ಒಳಗೆ ಏನೋ ಕಟ್ಟುತ್ತಿದ್ದಾರೆ. ಅಂಕಲ್ ಎಲ್ಲಿ ಹೋದರೋ ಗೊತ್ತಿಲ್ಲ.

ನನಗೂ ರಘುಗೂ ಊರು ಎಂದರೆ ಮೈಸೂರು. ಯಾರಾದರೂ ಕೇಳಿದರೆ ಬಾಯಿಗೆ ಬರುವುದು ಅದೇ. ಅನಘಳಿಗೆ ಊರು ಎಂದರೆ ಕೆಳಗಿನ ಆ ಅಂಗಡಿ. ಇದನ್ನು ಅವಳೇ ಒಮ್ಮೆ ಹೇಳಿದಾಗ ನನಗೆ ಸ್ವಲ್ಪ ಪಿಚ್ಚೆನಿಸಿತ್ತು, ಆಮೇಲೆ ಸರಿಯೆನಿಸಿತು.

ಈಗ ಆಯುಧ ಪೂಜೆಯ ದಿನಕ್ಕೆ ಬರೋಣ. ರಘು ಬಸ್ ಹತ್ತಿ ಹೋಗಿಯಾಗಿತ್ತು. ನಾನು ವರ್ಕ್ ಫ್ರಮ್ ಹೋಮ್. ಅತ್ತೆ ಬೆಳಿಗ್ಗೆಯೇ ಪುಸ್ತಕಗಳ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ ಚಾಕು, ಕತ್ತರಿ, ಮಿಕ್ಸಿ ಜಾರು, ರಘು ಅವರ ಸ್ಪ್ಯಾನರು, ಅನಘಳ ಸೈಕಲ್ಲಿನ ಬೀಗ ಎಲ್ಲಕ್ಕೂ ಕುಂಕುಮ ಇಟ್ಟು ಪೂಜೆ ಮುಗಿಸಿದ್ದರು. (ಹುರುಳಿಕಾಯಿಯ ನಾರನ್ನು ಅವರು ಕೈಯಲ್ಲೇ ಬಿಡಿಸುತ್ತಿದ್ದುದು ಅದಕ್ಕೇ. ಚಾಕು ಪೂಜೆಯಲ್ಲಿತ್ತು.)

ಅನಘಳ ಎಡಿಟಿಂಗ್ ಮುಗಿದಿತ್ತು. ಕಡೆಯದಾಗಿ ಸದ್ದುಗಳನ್ನು ಕ್ಲೌಡಿನಿಂದ ಇಳಿಸಿಕೊಂಡು, ಎಲ್ಲ ಒಟ್ಟುಗೂಡಿಸಿ ಒಂದು ಫೈಲ್ ಮಾಡಿ ಸಂಜೆ ಐದರೊಳಗೆ ಕಳಿಸಿದರೆ ಆಯಿತು. ಅವಳು ಬಟನ್ ಒತ್ತಿದಳು. ಫೈಲುಗಳು ಕಾಣುತ್ತಿಲ್ಲ ಎಂದಿತು ಕಂಪ್ಯೂಟರ್.

"ಅಮ್ಮ, ಫೋಲ್ಡರ್ ಎಲ್ಲಿ ಹೋಯ್ತು?"

"ನೆಟ್ ಸ್ಲೋ ಇರ್ಬೇಕು, ರಿಫ್ರೆಶ್ ಮಾಡು."

"ಮಾಡ್ದೆ. ಇಲ್ಲ. ಫೋಲ್ಡರೇ ಇಲ್ಲ ಅಮ್ಮ."

ನಾನು ಮೀಟಿಂಗನ್ನು ಮ್ಯೂಟ್ ಮಾಡಿ ಎದ್ದು ಬಂದೆ. ಬ್ರೌಸರಿನಲ್ಲಿ ತೆರೆದೆ. ಇಲ್ಲ. ಅಳಿಸಿದ್ದು ಕೆಲವು ದಿನ ಬಿದ್ದಿರುವ ಬಿನ್ ಒಂದು ಇರುತ್ತದಲ್ಲ, ಅದನ್ನು ತೆರೆದೆ. ಕನ್ನಡಿಯ ಹಾಗೆ ಸ್ವಚ್ಛ. ನಮ್ಮ ಮನೆಯಲ್ಲಿ ಬಿನ್ ಖಾಲಿ ಮಾಡುವ ಶಿಸ್ತಿನವರು ಯಾರೂ ಇಲ್ಲ. ಆ ಶಿಸ್ತು ನಮ್ಮ ವಂಶದಲ್ಲಿ ಇರುವುದು ಒಬ್ಬರಿಗೆ ಮಾತ್ರ. ಬೆಂಗಳೂರಿಗೆ ಫೋನ್ ಮಾಡಿದೆ.

"ಹೂಂ ಕಣೇ, ನಾನೇ ಕ್ಲೀನ್ ಮಾಡ್ದೆ" ಅಂದರು ಸುಮಕ್ಕ, ಖುಷಿಯಿಂದ. "ನಿನ್ನೆ ಬೊಂಬೆ ಫೋಟೋ ಹಾಕೋಣ ಅಂದ್ರೆ ಜಾಗ ಇಲ್ಲ ಅಂತ ಬಂತು. ಹಬ್ಬಕ್ಕೆ ಮನೆಯೆಲ್ಲ ತೊಳೆದಾಯ್ತು, ಇದನ್ನೂ ಒಂದು ಕೈ ನೋಡೇಬಿಡೋಣ ಅಂತ ಕೂತೆ. ಏನ್ ಧೂಳು ತುಂಬಿಸಿದೀರೇ."

"ಸುಮಕ್ಕ, ಅದರಲ್ಲಿ ರೆಕಾರ್ಡಿಂಗ್ಸ್ ಫೋಲ್ಡರ್ ಒಂದು ಇತ್ತಲ್ಲ?"

"ಅದಾ? ತೆಗೆದು ಕೇಳಿದೆ. ಬರೀ ಪಾತ್ರೆ ಸದ್ದು, ಚೀನೀಲಿ ಯಾರೋ ಕೂಗಾಟ. ಫೋನು ಜೇಬಲ್ಲಿ ತಾನಾಗೇ ರೆಕಾರ್ಡ್ ಆಗ್ಬಿಟ್ಟಿದೆ ಪಾಪ ಅಂದ್ಕೊಂಡೆ. ಡಿಲೀಟ್ ಮಾಡಿ, ಆ ಬಿನ್ನನ್ನೂ ಖಾಲಿ ಮಾಡ್ದೆ. ಕಸ ಗುಡಿಸಿ ಮೂಲೇಲಿ ಬಿಡಕ್ಕಾಗತ್ತಾ?"

ಸುಮಕ್ಕ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಫ್ರಿಜ್ ಖಾಲಿ ಮಾಡಿ ತೊಳೆದು ಹೋಗುವವರು. ಆಗೆಲ್ಲ ನಾನು ಥ್ಯಾಂಕ್ಸ್ ಹೇಳಿದ್ದೇನೆ. ಅದೇ ಪ್ರೀತಿಯಿಂದ ಇದನ್ನೂ ತೊಳೆದಿದ್ದರು. ವಿಷಯ ತಿಳಿಸಿದೆ. "ಅಯ್ಯೋ, ಮಗು ಏನ್ಮಾಡ್ತಿದೆ?" ಎಂದಷ್ಟೇ ಕೇಳಿದರು.

ಮಗು ಲ್ಯಾಪ್‌ಟಾಪ್ ಮುಂದೆ ತಲೆಗೆ ಕೈ ಕೊಟ್ಟು ಕೂತಿತ್ತು. ಎರವಲು ತಂದ ರೆಕಾರ್ಡರ್ ವಾಪಸ್ ಕೊಟ್ಟಾಗಿತ್ತು, ಅದರ ಕಾರ್ಡಿನ ಮೇಲೆ ಬೇರೆ ಯಾರೋ ಬೇರೆ ಏನೋ ತುಂಬಿಕೊಂಡಾಗಿತ್ತು. ಕ್ಲೌಡ್‌ನವರಿಗೆ ಬರೆದು ಕೇಳಬಹುದು. ಆದರೆ ಬಿನ್ ಖಾಲಿಯಾದ ಮೇಲೆ ಸಿಗುವ ಗ್ಯಾರಂಟಿ ಇಲ್ಲ, ಸಿಕ್ಕರೂ ಸಂಜೆಯೊಳಗಂತೂ ಅಲ್ಲ. ಮಾರ್ಕ್ಸಿನ ಮಾತು ಹಾಗಿರಲಿ. ಇನ್ನೊಮ್ಮೆ ರೆಕಾರ್ಡ್ ಮಾಡಿಕೊಂಡು ಬಾ ಎಂದು ಹೇಳಲು ಅಂಗಡಿ ಎಲ್ಲಿದೆ?

"ಅಂಕಲ್ ವಾಯ್ಸ್ ಹೋಯ್ತು ಅಮ್ಮ" ಅಂದಳು. ಆಮೇಲೆ ಅತ್ತಳು.

ನಾನು ಅವಳ ಬೆನ್ನು ಸವರುತ್ತಾ ನಿಂತಿದ್ದೆ. ಬೇರೆಲ್ಲಾದರೂ ಪ್ರತಿ ಇದೆಯೇ ಎಂದು ಮನೆಯ ಒಂದೊಂದೇ ಕಂಪ್ಯೂಟರನ್ನು ಲೆಕ್ಕ ಹಾಕಿದೆ. ಸಿಂಕ್ ಎನ್ನುವುದು ಎಷ್ಟು ನಿಷ್ಠೆಯ ಆಳು ಎಂದರೆ, ಒಂದು ಕಡೆ ಇಟ್ಟರೆ ಎಲ್ಲ ಕಡೆ ಇಡುತ್ತದೆ, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಸುತ್ತದೆ. ಯಾಕೆ ಎಂದು ಕೇಳುವ ಬುದ್ಧಿ ಅದಕ್ಕಿಲ್ಲ. ನೆಟ್‌ಗೆ ಸೇರಿಕೊಂಡ ಯಾವ ಕಂಪ್ಯೂಟರಿನಲ್ಲೂ ಆ ಫೋಲ್ಡರ್ ಉಳಿದಿರುವುದು ಸಾಧ್ಯವಿರಲಿಲ್ಲ.

ಅನಘ ತಟ್ಟನೆ ತಲೆ ಎತ್ತಿದಳು. ಅವಳ ಕಣ್ಣು ಹಾಲಿನ ಮೂಲೆಗೆ ಹೋಯಿತು. ನನ್ನದೂ ಹೋಯಿತು.

ಕೆಂಪು ಬ್ಲೌಸ್ ಪೀಸ್ ಹೊದ್ದು, ಭಗವದ್ಗೀತೆಯ ಮೇಲೆ, ಬಾಡಿದ ಚೆಂಡುಹೂವು ಹೊತ್ತು ಹಳೇ ಲ್ಯಾಪ್‌ಟಾಪು ತಣ್ಣಗೆ ಮಲಗಿತ್ತು. ಅದರ ಹೊಟ್ಟೆ ದೊಡ್ಡದು. "ಒಂದು ಕಾಪಿ ಮನೇಲಿರ್ಲಿ" ಎಂದು ರಘು ಅದರಲ್ಲಿ ಎಲ್ಲ ಫೋಲ್ಡರಿಗೂ ಟಿಕ್ ಹಾಕಿಟ್ಟಿದ್ದರು. ಸುಮಕ್ಕ ಗುಡಿಸಿದ್ದು ಹಿಂದಿನ ದಿನ. ಅತ್ತೆ ವೈರ್ ಕಿತ್ತದ್ದು ಅದಕ್ಕೂ ಮುಂಚೆ. ಲೋಕದಲ್ಲಿ ಏನಾಗಿದೆ ಎಂಬ ಸುದ್ದಿಯೇ ಮುಟ್ಟದೆ ಉಳಿದಿದ್ದ ಒಂದೇ ಒಂದು ಕಂಪ್ಯೂಟರು ಅದು.

ಆದರೆ ಅದನ್ನು ನಾಳೆ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ.

ಸುಮ್ಮನೆ ಎತ್ತಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ನೀವು ನನ್ನ ಅತ್ತೆಯನ್ನು ನೋಡಿಲ್ಲ. ಜೋರು ಮಾಡುವವರಲ್ಲ, ಅದೇ ಕಷ್ಟ. ಮನಸ್ಸು ನೊಂದರೆ ಒಂದು ಮಾತೂ ಆಡದೆ ಊಟ ಬಿಡುತ್ತಾರೆ. ಹುಟ್ಟಿದಾಗಿನಿಂದ ನಡೆಸಿಕೊಂಡು ಬಂದದ್ದನ್ನು ನಮ್ಮ ಮನೆಯ ಹಾಲಿನಲ್ಲಿ ನಾವು ಅವರ ಕಣ್ಣೆದುರೇ ಮುರಿಯುವುದೇ? ನಾನು ಅನಘಳಿಗೆ, "ನೀನೇ ಕೇಳು" ಅಂದೆ. (ಹೇಡಿ ಎಂದುಕೊಂಡರೆ ಅಂದುಕೊಳ್ಳಿ. ಸೊಸೆಯರಿಗೆ ನನ್ನ ಕಷ್ಟ ಗೊತ್ತು.)

ಅವಳು ಬಿಕ್ಕುತ್ತಲೇ ಎಲ್ಲ ಹೇಳಿದಳು. ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸದೆ ಕೇಳಿದರು. ತನ್ನ ಮಗಳೇ ಅಳಿಸಿದ್ದು ಎಂಬ ಕಡೆ ಮಾತ್ರ ಕೈ ಒಂದು ಗಳಿಗೆ ನಿಂತಿತು.

"ಪುಸ್ತಕ ಅಂತ ಇಟ್ಟಿದ್ದು ಮರಿ. ಪುಸ್ತಕ ಹೇಗೆ ತೆಗೆಯೋದು?"

"ಅಜ್ಜಿ, ಪ್ಲೀಸ್."

"ಇರು. ಅದರೊಳಗಿರೋದು ಓದೋದಾ?"

"ಅಲ್ಲ ಅಜ್ಜಿ. ಕೇಳೋದು. ಸೌಂಡ್ಸ್."

"ಅದು ಈಗ ಏನಾಗ್ಬೇಕು?"

"ಯೂನಿವರ್ಸಿಟಿಗೆ ಹೋಗ್ಬೇಕು. ಫೈವ್ ಓ ಕ್ಲಾಕ್ ಒಳಗೆ."

"ಇದು ಒಯ್ಯತ್ತಾ?"

"ಹೂಂ. ಇದರಿಂದಾನೇ ಹೋಗ್ಬೇಕು."

ಅತ್ತೆ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನನ್ನ ಮಾವ, ಈಗಿಲ್ಲ, ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅತ್ತೆಗೆ ಕಷ್ಟದ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಡಿಪೋದಲ್ಲೇ.

"ಡಿಪೋದಲ್ಲಿ ಆಯುಧ ಪೂಜೆ ದಿನ ಬಸ್ಸಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು ಪೂಜೆ ಮಾಡೋರು. ಮಾಡಿ ನಿಲ್ಸೋರಾ? ಆ ಬಾಳೆಕಂದು ಕಟ್ಕೊಂಡೇ ಮಧ್ಯಾಹ್ನದ ಟ್ರಿಪ್ ಹೋಗೋದು. ಜನ ಊರು ಸೇರ್ಬೇಕಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯೋದು ಅಂದ್ಮೇಲೆ ಅದು ವಾಹನ. ಪುಸ್ತಕದ ಹತ್ರ ಇಟ್ಟಿದ್ದು ನಂದೇ ತಪ್ಪು."

ಅಷ್ಟು ಹೇಳಿ ಎದ್ದರು. ನನಗೆ ನಗು ಬಂದಿತ್ತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಅಲ್ಲಿ ನಗುವಿರಲಿಲ್ಲ, ಅಳುಕಿತ್ತು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮಣೆಯ ಮುಂದೆ ಕೂತು ಕಣ್ಣು ಮುಚ್ಚಿದರು. ಅವರು ಗೊಣಗಿದ್ದು ದೇವಿಗೆ ಮಾತ್ರ ಕೇಳಲೆಂದೇ ಇರಬೇಕು. ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಬಿಟ್ಟಿತು.

"ತಪ್ಪಾದ್ರೆ ನನಗಿರ್ಲಿ ತಾಯಿ. ಮಗೂ ಓದಿಗೆ ತಟ್ಟೋದು ಬೇಡ."

ಆಮೇಲೆ ಲ್ಯಾಪ್‌ಟಾಪನ್ನು ಭಗವದ್ಗೀತೆಯ ಮೇಲಿಂದ ಎರಡು ಕೈಯಲ್ಲಿ ಎತ್ತಿ ಪಕ್ಕದ ಮಣೆಗೆ, ಮಿಕ್ಸಿ ಜಾರು ಮತ್ತು ಸ್ಪ್ಯಾನರಿನ ನಡುವೆ ಇಟ್ಟರು. ಆರತಿ ಎತ್ತಿದರು. "ನಿಂಬೆಹಣ್ಣು ಕೊಡು" ಅಂದರು ನನಗೆ.

"ಅತ್ತೆ, ಅದಕ್ಕೆ ಚಕ್ರ ಇಲ್ಲ."

"ಇಲ್ದಿದ್ರೆ ನಿವಾಳಿಸ್ತೀನಿ. ಕೊಡಮ್ಮ, ಹೊತ್ತಾಗ್ತಿದೆ."

ನಿಂಬೆಹಣ್ಣು ನಿವಾಳಿಸಿಕೊಂಡ ಲ್ಯಾಪ್‌ಟಾಪು ಜಗತ್ತಿನಲ್ಲಿ ಎಷ್ಟಿವೆಯೋ ಗೊತ್ತಿಲ್ಲ. ನಮ್ಮದು ಒಂದು.

ಈಗ ನನ್ನ ಸರದಿ. ಆನ್ ಮಾಡಿದ ತಕ್ಷಣ ಅದು ಮನೆಯ ವೈಫೈ ಹುಡುಕಿ ಸೇರಿಕೊಳ್ಳುತ್ತದೆ. ಸೇರಿಕೊಂಡರೆ ಸುಮಕ್ಕನ ಪೊರಕೆ ಅಲ್ಲಿಗೂ ಬರುತ್ತದೆ. ಆದ್ದರಿಂದ ಮೊದಲು ರೂಟರ್ ಆಫ್. ನನ್ನ ಮೀಟಿಂಗ್ ಅಲ್ಲೇ ಕಡಿಯಿತು. (ಸಹೋದ್ಯೋಗಿಗಳು ನಾನು ಪವರ್ ಕಟ್ ಅಂದದ್ದನ್ನು ನಂಬಲಿಲ್ಲ. ಸಿಂಗಪುರದಲ್ಲಿ ಯಾರು ನಂಬುತ್ತಾರೆ?) ಅನಘ ನಮ್ಮೆಲ್ಲರ ಫೋನನ್ನೂ ಆಫ್ ಮಾಡಿದಳು, ಯಾವುದರಿಂದಲೂ ನೆಟ್ ನುಸುಳಬಾರದಲ್ಲ. ಅತ್ತೆ ಎಲ್ಲ ನೋಡುತ್ತಿದ್ದರು.

"ಫ್ಯಾನೂ ಆರಿಸ್ಲಾ?"

"ಬೇಡ ಅತ್ತೆ, ಫ್ಯಾನ್ ಇರ್ಲಿ."

ವೈರ್ ಚುಚ್ಚಿದೆ. ಬಟನ್ ಒತ್ತಿದೆ. ಸದ್ದು ಮಾಡಿತು, ಕಪ್ಪಾಯಿತು, ಇನ್ನೊಮ್ಮೆ ಸದ್ದು ಮಾಡಿತು. ಅದರ ನಿಧಾನಕ್ಕೆ ನಾನು ಇಷ್ಟು ವರ್ಷ ಬೈದಿದ್ದೇನೆ. ಅವತ್ತು ಕೈ ಮುಗಿದುಕೊಂಡು ಕಾದೆ. ಅನಘ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದಿದ್ದಳು. ಪರದೆ ಬಂತು. ಫೋಲ್ಡರುಗಳು ಬಂದವು. ಒಂದೊಂದೇ ಹೆಸರು ಓದುತ್ತಾ ಕೆಳಗಿಳಿದೆವು. ಅವಳದ್ದು ಅಲ್ಲಿತ್ತು. ತೆರೆದರೆ ಒಳಗೆ ಎಲ್ಲವೂ ಇತ್ತು.

ಅವಳು ಒಂದನ್ನು ಒತ್ತಿದಳು. ನಮ್ಮ ಹಾಲಿನ ತುಂಬ ಲೋಟದ ಸದ್ದು. ಅದರ ಮೇಲೆ ಅಂಕಲ್‌ನ ಒಡಕು ದನಿ, "ಗರ್ಲ್, ಐಸ್ ಮೈಲೋ ಆ?"

ಅನಘ ಕುರ್ಚಿಯಿಂದ ಎದ್ದು ಅಜ್ಜಿಯನ್ನು ತಬ್ಬಿಕೊಂಡಳು. ಅತ್ತೆ, "ಸೀರೆ ಮಡಿ ಕಣೇ" ಅಂದರು, ಆದರೆ ಬಿಡಿಸಿಕೊಳ್ಳಲಿಲ್ಲ. ನಾನು ಪೆನ್ ಡ್ರೈವಿಗೆ ಕಾಪಿ ಮಾಡಿದೆ. ಅನುಮಾನದ ಪ್ರಾಣಿ ನಾನು, ಇನ್ನೊಂದು ಪೆನ್ ಡ್ರೈವಿಗೂ ಮಾಡಿದೆ. ಆಮೇಲೆಯೇ ರೂಟರಿಗೆ ಜೀವ ಬಂದದ್ದು. ಮಗಳು ತನ್ನ ಲ್ಯಾಪ್‌ಟಾಪಿಗೆ ಎಲ್ಲ ಹಾಕಿಕೊಂಡು, ಕಡೆಯ ಬಟನ್ ಒತ್ತಿ, ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕಳಿಸಿದಳು. ಹಳೆಯ ಲ್ಯಾಪ್‌ಟಾಪು ಕುಂಕುಮ ಸಮೇತ ಮತ್ತೆ ಮಣೆಗೆ ಹೋಯಿತು, ಈ ಸಲ ಸ್ಪ್ಯಾನರಿನ ಪಕ್ಕಕ್ಕೆ.

ಸಂಜೆ ರಘು ಬಂದರು. ಕಥೆ ಕೇಳಿ ಸೋಫಾದಲ್ಲಿ ಕುಸಿದು ಕೂತರು. "ಕ್ಲೌಡಲ್ಲಿ ಸೇಫ್ ಅಂತ ಹೇಳಿದ್ದು ನಾನೇ" ಅಂದರು. ಹೌದು ನೀವೇ ಎಂದು ನಾನೂ ಅಂದೆ, ಸಮಾಧಾನ ಮಾಡುವ ಮೂಡಿನಲ್ಲಿರಲಿಲ್ಲ.

ವಿಜಯದಶಮಿಯ ದಿನ ಗಂಡ ಹೆಂಡತಿ ಇಬ್ಬರೂ ಕೂತು ಆ ಟಿಕ್ ಪಟ್ಟಿಯನ್ನು ತೆರೆದೆವು. ಇದನ್ನು ಮೊದಲೇ ಮಾಡಬೇಕಿತ್ತು. ಯಾವುದು ಇಲ್ಲಿರಬೇಕು, ಯಾವುದು ಮೇಲಿದ್ದರೆ ಸಾಕು, ಯಾವುದು ಎಲ್ಲೂ ಬೇಡ? ಮೈಸೂರಿನ ಮನೆಯ ನಲ್ಲಿ ರಿಪೇರಿಯ ಫೋಟೋಗಳು ಇದ್ದವು. ಯಾವುದೋ ಮದುವೆಯಲ್ಲಿ ತೆಗೆದ, ಯಾರೂ ಗುರುತು ಹಿಡಿಯದ ಒಬ್ಬ ಗಂಡಸಿನ ಫೋಟೋ ಇತ್ತು. "ನ್ಯೂ ಫೋಲ್ಡರ್" ಎಂಬ ಹೆಸರಿನವೇ ಒಂದು ಡಜನ್ ಇದ್ದಿರಬೇಕು. ಒಂದೊಂದರ ಮುಂದೆಯೂ ನಾವು ತಡೆದು ನಿಂತೆವು. ಅಳಿಸಲು ಬೆರಳೇ ಬರುತ್ತಿರಲಿಲ್ಲ. ಇದು ಯಾರಿಗೆ ಏನೋ ಯಾರಿಗೆ ಗೊತ್ತು? ಅವತ್ತಿನಿಂದ ನನಗೆ ಕಸ ಯಾವುದು ಎಂದು ಹೇಳುವ ಧೈರ್ಯ ಕಡಿಮೆಯಾಗಿದೆ.

ಸುಮಕ್ಕನಿಗೆ ಬೇರೆ ಲಾಗಿನ್ ಮಾಡಿಕೊಡೋಣ ಎಂದು ರಘು ಫೋನ್ ಮಾಡಿದರು. ಒಳ್ಳೆಯ ಉದ್ದೇಶವೇ. ಆ ಕಡೆಯಿಂದ ಸಣ್ಣ ದನಿ ಬಂತು.

"ಬೇರೆ ಹಾಕ್ತಿದೀಯಾ ನನ್ನನ್ನ?"

ಆಸ್ತಿ ಪಾಲಾದಾಗಲೂ ಆಡದ ಮಾತು. ರಘು ಗಲಿಬಿಲಿಯಾಗಿ ನನ್ನ ಮುಖ ನೋಡಿದರು. ಅನಘ ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡು, "ಸುಮತ್ತೆ, ಬೇರೆ ಅಲ್ಲ ಲಾ. ಎಲ್ರಿಗೂ ಒಂದೊಂದು ರೂಮ್ ಅಷ್ಟೇ. ಮನೆ ಸೇಮ್" ಅಂದಳು. ಸುಮಕ್ಕ ಮೂಗು ಒರೆಸಿಕೊಂಡದ್ದು ಇಲ್ಲಿಗೆ ಕೇಳಿಸಿತು. ಆಮೇಲೆ ಅವರ ಬೊಂಬೆಗಳ ಫೋಟೋ ಬಂದವು, ಒಂದಾದ ಮೇಲೊಂದು. ನಾವು ಪ್ರತಿಯೊಂದಕ್ಕೂ ಚೆನ್ನಾಗಿದೆ ಎಂದು ಉತ್ತರಿಸಿದೆವು. ಚೆನ್ನಾಗಿಯೇ ಇದ್ದವು.

ಊಟ ಆದ ಮೇಲೆ ಅತ್ತೆ, "ಎಲ್ಲಿ, ಅಷ್ಟು ರಂಪ ಆಯ್ತಲ್ಲ, ನಾನೂ ಕೇಳ್ತೀನಿ" ಅಂದರು. ಅನಘ ಹೆಡ್‌ಫೋನನ್ನು ಅಜ್ಜಿಯ ತಲೆಗೆ ಏರಿಸಿ, ತುರುಬು ಸರಿಮಾಡಿ, ತನ್ನ ಡಾಕ್ಯುಮೆಂಟರಿ ಹಾಕಿದಳು. ಎದುರಿಗೆ ನೆಲದ ಮೇಲೆ ಕೂತು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿ, ಗಂಭೀರವಾಗಿ, ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದರು.

"ಇದಾ?"

"ಹೂಂ ಅಜ್ಜಿ."

"ಇದಕ್ಕಾ ಅಷ್ಟೊಂದು ಅತ್ತಿದ್ದು?"

"ಅಜ್ಜಿ!"

"ಅಲ್ಲ ಮರಿ, ಬರೀ ಲೋಟ ಕುಟ್ಟೋದೇ ಇದೆಯಲ್ಲ. ಸುಮಾದೇನು ತಪ್ಪು ಹೇಳು. ನನ್ನ ಕೈಗೆ ಸಿಕ್ಕಿದ್ರೆ ನಾನೂ ಗುಡಿಸಿ ಹಾಕ್ತಿದ್ದೆ."

ಅನಘ ಬಿದ್ದು ಬಿದ್ದು ನಕ್ಕಳು. ರಘು ನಕ್ಕರು. ಅತ್ತೆ, ಇದರಲ್ಲಿ ನಗುವಂಥದ್ದೇನು ಎಂಬಂತೆ ನೋಡಿ, ಮಾರನೆಯ ದಿನಕ್ಕೆ ಕಡಲೆ ನೆನೆಹಾಕಲು ಎದ್ದು ಹೋದರು.

ನಾನೂ ನಗಲು ಹೊರಟೆ, ಆಗಲಿಲ್ಲ. ಆ ಸದ್ದಿನಲ್ಲಿ ಏನಿದೆ ಎಂದು ಅವರಿಗೆ ಹಿಂದಿನ ದಿನವೂ ಗೊತ್ತಿರಲಿಲ್ಲ, ಕೇಳಿದ ಮೇಲೂ ಗೊತ್ತಾಗಲಿಲ್ಲ. ಆದರೂ ಜೀವಮಾನದಲ್ಲಿ ಒಮ್ಮೆಯೂ ಮೀರದ ಒಂದು ನೇಮವನ್ನು ಮೀರಿದರು. ಪುಸ್ತಕವೋ ವಾಹನವೋ ಎಂಬ ಡಿಪೋದ ತರ್ಕವೆಲ್ಲ ನಮಗೆ ಹೇಳಲು. ತಾನು ನಂಬಿದ ದೇವರ ಮುಂದೆ ಕೂತಾಗ ಅವರ ಹತ್ತಿರ ಇದ್ದ ಕಾರಣ ಒಂದೇ, ಹುಡುಗಿ ಅಳುತ್ತಿದ್ದಾಳೆ. ಅಷ್ಟೇ ಸಾಕಾಯಿತು. ನಾನು ಪ್ರಿಂಟೌಟಿಗಾಗಿ ಗೊಣಗಿದ ಅದೇ ಅತ್ತೆ. ಅವತ್ತು ಒಂದು ಥ್ಯಾಂಕ್ಸ್ ಹೇಳೋಣವೆಂದು ಅಡುಗೆಮನೆಗೆ ಹೋದೆ, ಕಡಲೆ ಡಬ್ಬಿ ಎತ್ತಿಕೊಟ್ಟು ಬಂದೆ. ಆ ಥ್ಯಾಂಕ್ಸನ್ನು ಇಲ್ಲಿ ಬರೆಯುತ್ತಿದ್ದೇನೆ, ಅವರು ಈ ಅಂಕಣವನ್ನು ತಪ್ಪದೆ ಓದುತ್ತಾರೆ.

ನಮ್ಮ ಮಕ್ಕಳು ಎದೆಗವಚಿಕೊಂಡಿರುವ ಎಷ್ಟೋ ಸಂಗತಿಗಳು ನಮಗೆ ಬರೀ ಲೋಟದ ಸದ್ದು. ಅರ್ಥವಾಗದಿದ್ದರೂ ಅದನ್ನು ಉಳಿಸಿಕೊಡುವಷ್ಟು ದೊಡ್ಡವರಾಗಿದ್ದೇವೆಯೇ ನಾವು?